ನಾಲ್ಕರಲ್ಲಿ ಮೂರು ಪಿಕ್ಸೆಲ್ ಎಲ್ಲಿ ಹೋದವು?

ಕರಾವಳಿಯಲ್ಲೋ ಮಲೆನಾಡಿನಲ್ಲೋ ಯಕ್ಷಗಾನದ ಆಟ ನೋಡಲು ಹೋದರೆ ಕುರ್ಚಿಗಳ ಸಾಲಿನ ಹಿಂದೆ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ ನಿಂತಿರುವುದು ಈಗ ಮಾಮೂಲು. ಅದು ಬಹಳ ಸಲ 4ಕೆಯಲ್ಲಿ ಓಡುತ್ತಿರುತ್ತದೆ. ಅದೇ ಆಟ ಪೆನ್‌ಡ್ರೈವಿಗೋ ಯೂಟ್ಯೂಬಿಗೋ ಬರುವ ಹೊತ್ತಿಗೆ ಫುಲ್ ಎಚ್‌ಡಿಗೆ ಇಳಿದಿರುತ್ತದೆ. ನೋಡುವವರ ಕೈಯಲ್ಲಿರುವುದು ಹೆಚ್ಚಾಗಿ ಫೋನು. ಹಾಗಿದ್ದ ಮೇಲೆ ಅಷ್ಟು ದೊಡ್ಡದಾಗಿ ಹಿಡಿಯುವ ಉಸಾಬರಿ ಯಾಕೆ, ಮೊದಲೇ ಎಚ್‌ಡಿಯಲ್ಲಿ ಹಿಡಿದಿದ್ದರೆ ಹಾರ್ಡ್‌ಡಿಸ್ಕ್ ಖರ್ಚಾದರೂ ಉಳಿಯುತ್ತಿತ್ತಲ್ಲ ಎಂದು ಆಟ ಆಡಿಸಿದವರು ಕೇಳುವುದುಂಟು. ಮದುವೆ ಮನೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಸಾಕ್ಷ್ಯಚಿತ್ರ ಮಾಡುವವರ ಬಜೆಟ್ ಲೆಕ್ಕದಲ್ಲೂ ಬರುತ್ತದೆ. ಇದಕ್ಕೆ ಸರಿಯಾದ ಉತ್ತರ ಕೊಡಬೇಕು.

ಲೆಕ್ಕ ಸರಳ. 4ಕೆ ಎಂದು ನಾವು ಕರೆಯುವ 3840×2160ರ ಒಂದು ಫ್ರೇಮಿನಲ್ಲಿ 82,94,400 ಪಿಕ್ಸೆಲ್‌ಗಳಿವೆ. 1920×1080ರ ಫುಲ್ ಎಚ್‌ಡಿಯಲ್ಲಿ 20,73,600. ಅಂದರೆ ನಾಲ್ಕಕ್ಕೆ ಒಂದು. ಎಷ್ಟೋ ಮನೆಗಳ ಟಿವಿಗೆ ಇಂದಿಗೂ ಬರುತ್ತಿರುವ 720×576ರ ಹಳೆಯ ಎಸ್‌ಡಿ ಚಿತ್ರಕ್ಕೆ ಹೋಲಿಸಿದರೆ 4ಕೆ ಸರಿಯಾಗಿ 20 ಪಟ್ಟು ದೊಡ್ಡದು. ಎಚ್‌ಡಿಗೆ ಇಳಿಸುವಾಗ ಪ್ರತಿ ನಾಲ್ಕರಲ್ಲಿ ಮೂರು ಪಿಕ್ಸೆಲ್ ಪರದೆಗೆ ಬರುವುದಿಲ್ಲ. ಆದರೂ ಅವು ದಂಡವಲ್ಲ. ಅವುಗಳನ್ನು ಎರಡು ರೀತಿಯಲ್ಲಿ ಬಳಸಬಹುದು. ಒಂದು, ಆ ಮೂರನ್ನೂ ಉಳಿದ ಒಂದರೊಳಗೆ ಬೆರೆಸಿ ಆ ಒಂದರ ಗುಣ ಹೆಚ್ಚಿಸುವುದು. ಇನ್ನೊಂದು, ಫ್ರೇಮಿನ ಒಂದು ಭಾಗವನ್ನಷ್ಟೇ ಕತ್ತರಿಸಿಕೊಂಡು ಹೊಸ ಶಾಟ್ ಮಾಡಿಕೊಳ್ಳುವುದು. ಕೈಯಲ್ಲಿರುವ ಒಂದೇ ನೂರು ರೂಪಾಯಿಯನ್ನು ಎರಡು ಅಂಗಡಿಯಲ್ಲಿ ಖರ್ಚು ಮಾಡಲಾಗದಂತೆ, ಒಂದು ಶಾಟಿನಲ್ಲಿ ಈ ಎರಡೂ ಲಾಭ ಪೂರ್ತಿಯಾಗಿ ಸಿಗುವುದಿಲ್ಲ. ಎಡಿಟಿಂಗ್ ಟೇಬಲ್ಲಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಆಗುತ್ತವೆ.

ದೊಡ್ಡದಾಗಿ ಹಿಡಿದು ಚಿಕ್ಕದಾಗಿ ತೋರಿಸುವುದು ಡಿಜಿಟಲ್ ಕಾಲದ ಉಪಾಯವೇನಲ್ಲ. 1954ರಲ್ಲಿ ಹಾಲಿವುಡ್‌ನ ಪ್ಯಾರಾಮೌಂಟ್ ಸಂಸ್ಥೆ ವಿಸ್ಟಾವಿಷನ್ ಎಂಬ ಪದ್ಧತಿ ತಂದಿತು. ಸಾಮಾನ್ಯ ಸಿನಿಮಾ ಕ್ಯಾಮೆರಾದಲ್ಲಿ 35 ಎಂಎಂ ಫಿಲ್ಮ್ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಒಂದು ಫ್ರೇಮಿಗೆ ಅಂಚಿನ ನಾಲ್ಕು ರಂಧ್ರಗಳಷ್ಟು ಜಾಗ. ವಿಸ್ಟಾವಿಷನ್‌ನಲ್ಲಿ ಅದೇ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಒಂದು ಫ್ರೇಮಿಗೆ ಎಂಟು ರಂಧ್ರಗಳಷ್ಟು ಜಾಗ ಕೊಟ್ಟರು. ನೆಗೆಟಿವ್ ಎರಡು ಪಟ್ಟಿಗೂ ಮಿಕ್ಕಿ ದೊಡ್ಡದಾಯಿತು. ಆದರೆ ಊರೂರಿನ ಥಿಯೇಟರುಗಳಲ್ಲಿ ಇದ್ದದ್ದು ಮಾಮೂಲಿ ಪ್ರೊಜೆಕ್ಟರುಗಳೇ. ಹಾಗಾಗಿ ಪ್ರಿಂಟ್ ಹಾಕುವಾಗ ಆ ದೊಡ್ಡ ಚಿತ್ರವನ್ನು ಕುಗ್ಗಿಸಿ ಸಾಮಾನ್ಯ 35 ಎಂಎಂಗೆ ಇಳಿಸಿದರು. ಚಿತ್ರ ಕುಗ್ಗಿದಾಗ ಅದರೊಳಗಿನ ಗ್ರೇನ್ ಕೂಡ ಕುಗ್ಗಿತು. ಅದೇ ಪರದೆ, ಅದೇ ಪ್ರೊಜೆಕ್ಟರ್, ಆದರೆ ಚಿತ್ರ ಮಾತ್ರ ಹೆಚ್ಚು ನಯ, ಹೆಚ್ಚು ಚೂಪು. ಈ ಪದ್ಧತಿಯ ಮೊದಲ ಸಿನಿಮಾ ‘ವೈಟ್ ಕ್ರಿಸ್‌ಮಸ್’. ಹಿಚ್‌ಕಾಕ್‌ನ ‘ವರ್ಟಿಗೊ’ (1958) ಕೂಡ ಹೀಗೇ ಚಿತ್ರಿತವಾದದ್ದು.

ಸೂಕ್ಷ್ಮ ಗ್ರೇನಿನ ಫಿಲ್ಮ್‌ಗಳು ಬಂದ ಮೇಲೆ 1960ರ ದಶಕದ ಆರಂಭದಲ್ಲಿ ವಿಸ್ಟಾವಿಷನ್ ಮೂಲೆ ಸೇರಿತು. ಆದರೆ 1977ರ ‘ಸ್ಟಾರ್ ವಾರ್ಸ್’ಗೆ ವಿಶೇಷ ದೃಶ್ಯಗಳನ್ನು ಮಾಡಿದ ತಂಡ ಆ ಹಳೆಯ ಕ್ಯಾಮೆರಾ ಪದ್ಧತಿಯನ್ನೇ ಮತ್ತೆ ಎತ್ತಿಕೊಂಡಿತು. ಕಾರಣ ಸ್ಪಷ್ಟ. ಆಗ ಒಂದು ದೃಶ್ಯದ ಮೇಲೆ ಇನ್ನೊಂದನ್ನು ಕೂಡಿಸಬೇಕಾದರೆ ಫಿಲ್ಮಿನಿಂದ ಫಿಲ್ಮಿಗೆ ಮತ್ತೆ ಮತ್ತೆ ಚಿತ್ರೀಕರಿಸಬೇಕಿತ್ತು. ಪ್ರತಿ ಸಲವೂ ಚಿತ್ರ ಒಂದಿಷ್ಟು ಸವೆಯುತ್ತಿತ್ತು. ದೊಡ್ಡದರಿಂದ ಹೊರಟರೆ ಅಷ್ಟೆಲ್ಲ ಸವೆದ ಮೇಲೂ ಉಳಿದ ಸಿನಿಮಾದ ಜೊತೆ ಹೊಂದಿಕೊಳ್ಳುವಷ್ಟು ಗುಣ ಉಳಿಯುತ್ತಿತ್ತು.

ಡಿಜಿಟಲ್ ಕ್ಯಾಮೆರಾದಲ್ಲಿ ಇದೇ ತತ್ತ್ವಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಕ್ಯಾಮೆರಾದ ಸೆನ್ಸರ್‌ಗೆ ಸ್ವತಃ ಬಣ್ಣ ಗೊತ್ತಾಗುವುದಿಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತಾಗುತ್ತದೆ. ಅದಕ್ಕಾಗಿ ಅದರ ಪ್ರತಿ ಬಿಂದುವಿನ ಮೇಲೂ ಒಂದೊಂದು ಬಣ್ಣದ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸ ಇದು. ಎರಡು ಬಿಂದು ಅಡ್ಡ, ಎರಡು ಬಿಂದು ಉದ್ದದ ಪ್ರತಿ ಚೌಕದಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಾಗಾದರೆ 82.9 ಲಕ್ಷ ಬಿಂದುಗಳ 4ಕೆ ಸೆನ್ಸರ್ ನಿಜವಾಗಿ ಅಳೆಯುವ ಕೆಂಪು ಎಷ್ಟು? ಸುಮಾರು 20.7 ಲಕ್ಷ. ನೀಲಿಯೂ ಅಷ್ಟೇ. ಉಳಿದ ಜಾಗದ ಕೆಂಪು, ನೀಲಿಯನ್ನು ಕ್ಯಾಮೆರಾ ಅಕ್ಕಪಕ್ಕದ ಬಿಂದುಗಳನ್ನು ನೋಡಿ ಅಂದಾಜು ಮಾಡಿ ತುಂಬುತ್ತದೆ.

ಈ 20.7 ಲಕ್ಷ ಎಂಬುದು ಎಚ್‌ಡಿ ಫ್ರೇಮಿನ ಪಿಕ್ಸೆಲ್ ಸಂಖ್ಯೆಯೇ. ಅಂದರೆ ಇಂಥ ಸೆನ್ಸರಿನಿಂದ ಹಿಡಿದದ್ದನ್ನು ಎಚ್‌ಡಿಗೆ ಇಳಿಸಿದಾಗ ಪ್ರತಿ ಪಿಕ್ಸೆಲ್‌ಗೂ ನಿಜವಾಗಿ ಅಳೆದ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು ಸಿಗುವಷ್ಟು ಸರಕು ಇರುತ್ತದೆ. 2011ರ ಕೊನೆಯಲ್ಲಿ ಕ್ಯಾನನ್ ಪರಿಚಯಿಸಿದ ಸಿ300 ಕ್ಯಾಮೆರಾ ಇದನ್ನೇ ನೇರವಾಗಿ ಮಾಡಿತು: ಸೆನ್ಸರ್ 4ಕೆಯದ್ದು, ರೆಕಾರ್ಡ್ ಆಗುತ್ತಿದ್ದದ್ದು ಎಚ್‌ಡಿ. ನಾಲ್ಕು ಬಿಂದುಗಳ ಚೌಕದಿಂದ ಒಂದು ಪಿಕ್ಸೆಲ್, ಅಂದಾಜಿನ ಕೆಲಸವೇ ಇಲ್ಲ. ಆಗ ಕೆಲವರು ಅದನ್ನು 4ಕೆ ಕೊಡದ ದುಬಾರಿ ಕ್ಯಾಮೆರಾ ಎಂದು ಮೂಗು ಮುರಿದರು. ಸಾಕ್ಷ್ಯಚಿತ್ರದವರು ಮಾತ್ರ ಅದನ್ನು ವರ್ಷಗಟ್ಟಲೆ ಬಿಡಲಿಲ್ಲ. ನನ್ನ ಮಟ್ಟಿಗೆ ಅವರದ್ದೇ ಸರಿಯಾದ ತೀರ್ಮಾನ.

ಫೈಲಿನೊಳಗೂ ಇಂಥದ್ದೇ ಒಂದು ಲಾಭವಿದೆ. ಹೆಚ್ಚಿನ ಕ್ಯಾಮೆರಾಗಳು ಜಾಗ ಉಳಿಸಲು ಬೆಳಕಿನ ವಿವರವನ್ನು ಪೂರ್ತಿ ಬರೆದಿಟ್ಟು, ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಬರೆಯುತ್ತವೆ. 4:2:0 ಎಂದು ಮೆನುವಿನಲ್ಲಿ ಕಾಣುವುದು ಇದೇ. ಎಚ್‌ಡಿಗೆ ಇಳಿಸಿದಾಗ ಬಣ್ಣ ಪ್ರತಿ ಪಿಕ್ಸೆಲ್‌ಗೂ ಒಂದರಂತೆ ಸಿಕ್ಕುತ್ತದೆ. ಹಸಿರು ಪರದೆಯ ಮುಂದೆ ನಿಂತವರ ಕೂದಲಿನ ಅಂಚು ಕತ್ತರಿಸುವವರಿಗೆ ಇದರ ಬೆಲೆ ಗೊತ್ತು. ರಾತ್ರಿ ಶೂಟಿನಲ್ಲಿ ಮರಳಿನಂತೆ ಕಾಣುವ ನಾಯ್ಸ್ ವಿಷಯದಲ್ಲೂ ಅಷ್ಟೆ. ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದರೆ, ಒಂದಕ್ಕೊಂದು ಸಂಬಂಧವಿಲ್ಲದ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಫೈಲನ್ನು ವಿಪರೀತ ಒತ್ತಿದಾಗ ಆಗುವ ಚೌಕ ಚೌಕದ ಕಲೆಗಳು ಮಾತ್ರ ಹೀಗೆ ಹೋಗುವುದಿಲ್ಲ. ಅವು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆಲ್ಲ ಒಟ್ಟಿಗೇ ಅಂಟಿಕೊಂಡಿರುತ್ತವೆ.

ಇದೆಲ್ಲ ಸಿಗಬೇಕಾದರೆ ಕುಗ್ಗಿಸುವ ಕೆಲಸ ಸರಿಯಾಗಿ ನಡೆಯಬೇಕು. ಬಡಗುತಿಟ್ಟಿನ ವೇಷವನ್ನೇ ನೋಡಿ. ಕಸೆ ಸೀರೆಯ ಮೈತುಂಬ ಕೆಂಪು, ಹಳದಿ, ಕಪ್ಪು ಗೆರೆಗಳ ಸಣ್ಣ ಚೌಕುಳಿ. ದೂರದಿಂದ ಹಿಡಿದ 4ಕೆ ಫ್ರೇಮಿನಲ್ಲಿ ಆ ಗೆರೆ ಒಂದೆರಡು ಪಿಕ್ಸೆಲ್ ದಪ್ಪ ಇರಬಹುದು. ಕುಗ್ಗಿಸುವಾಗ ಸಾಫ್ಟ್‌ವೇರ್ ಸರಾಸರಿ ತೆಗೆಯದೆ ಒಂದು ಬಿಟ್ಟು ಒಂದು ಪಿಕ್ಸೆಲ್ ಮಾತ್ರ ಎತ್ತಿಕೊಂಡರೆ ಏನಾಗುತ್ತದೆ? ಒಂದು ಫ್ರೇಮಿನಲ್ಲಿ ಗೆರೆ ಸಿಕ್ಕುತ್ತದೆ, ವೇಷಧಾರಿ ಒಂದು ಹೆಜ್ಜೆ ಸರಿದರೆ ಮುಂದಿನ ಫ್ರೇಮಿನಲ್ಲಿ ತಪ್ಪುತ್ತದೆ. ಸೀರೆ ಇರುವೆ ಮುತ್ತಿದಂತೆ ಮಿಣಮಿಣ ಅನ್ನುತ್ತದೆ; ಕೆಲವೊಮ್ಮೆ ಬಟ್ಟೆಯಲ್ಲಿ ಇಲ್ಲವೇ ಇಲ್ಲದ ಅಲೆ ಅಲೆಯಾದ ಪಟ್ಟೆ ಮೂಡುತ್ತದೆ. ಇದೇ ಮೊಯ್ರೆ. ಒಂದು ಚಿತ್ರ ಹಿಡಿಯಬಲ್ಲ ವಿವರಕ್ಕೆ ಮಿತಿಯಿದೆ, ಒಂದು ಗೆರೆ ಮತ್ತು ಅದರ ಪಕ್ಕದ ಖಾಲಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಅದಕ್ಕಿಂತ ಸಣ್ಣ ವಿವರವನ್ನು ಮೊದಲೇ ಮೆತ್ತಗೆ ಮಾಡಿಕೊಳ್ಳದೆ ಚಿಕ್ಕ ಫ್ರೇಮಿಗೆ ತುರುಕಿದರೆ ಅದು ಸುಳ್ಳು ವಿನ್ಯಾಸವಾಗಿ ಹೊರಬರುತ್ತದೆ.

ಒಂದು ಕಾಲದಲ್ಲಿ ಕ್ಯಾಮೆರಾಗಳೇ ಈ ತಪ್ಪು ಮಾಡುತ್ತಿದ್ದವು. 2008ರ ಕ್ಯಾನನ್ 5ಡಿ ಮಾರ್ಕ್ 2 ಅಗ್ಗದಲ್ಲಿ ಸಿನಿಮಾದ ಕಳೆ ಕೊಟ್ಟು ಜಗತ್ತಿನ ತುಂಬ ಸಿನಿಮಾ ಮಾಡುವ ಹೊಸಬರನ್ನು ಹುಟ್ಟಿಸಿತು. ಆದರೆ ಅದರ 21 ಮೆಗಾಪಿಕ್ಸೆಲ್ ಸೆನ್ಸರನ್ನು ಆ ವೇಗದಲ್ಲಿ ಪೂರ್ತಿ ಓದಲಾಗದೆ, ವಿಡಿಯೊದಲ್ಲಿ ನಡುನಡುವೆ ಸಾಲುಗಳನ್ನು ಬಿಟ್ಟು ಓದುತ್ತಿತ್ತು. ಚೌಕುಳಿ ಅಂಗಿ, ಹೆಂಚಿನ ಮಾಡು, ಇಟ್ಟಿಗೆ ಗೋಡೆ ಎಲ್ಲವೂ ಅದರಲ್ಲಿ ಕುಣಿಯುತ್ತಿದ್ದವು. ಈಗಿನ ಹಲವು ಕ್ಯಾಮೆರಾಗಳು ಸೆನ್ಸರನ್ನು ಪೂರ್ತಿ ಓದಿ ಒಳಗೇ ಕುಗ್ಗಿಸುತ್ತವೆ. 2018ರ ಸೋನಿ ಎ7 III ಸುಮಾರು 6ಕೆಯಷ್ಟು ಓದಿ 4ಕೆಯಾಗಿ ಬರೆಯುತ್ತದೆ. ಸಾಫ್ಟ್‌ವೇರ್‌ಗಳಲ್ಲಿ ಬೈಲೀನಿಯರ್, ಬೈಕ್ಯೂಬಿಕ್, ಲ್ಯಾಂಚೋಸ್ ಎಂಬ ಹೆಸರುಗಳು ಕಾಣುತ್ತವಲ್ಲ, ಅವೆಲ್ಲ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಯಾವ ತೂಕದಲ್ಲಿ ಬೆರೆಸಬೇಕು ಎಂಬ ಬೇರೆ ಬೇರೆ ಸೂತ್ರಗಳು. ಲ್ಯಾಂಚೋಸ್ ಹೆಚ್ಚು ಚೂಪು. ಆದರೆ ಕಪ್ಪು ಹಿನ್ನೆಲೆಯೆದುರು ಬಿಳಿ ಪಂಚೆಯಂಥ ಕಡೆ ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ ಹೊಳೆಯುವಂತೆ ಮಾಡಬಲ್ಲದು. ಕಸೆ ಸೀರೆ ತುಂಬಿದ ಆಟಕ್ಕೆ ನಾನು ಒಂದಿಷ್ಟು ಮೆತ್ತಗಿನದನ್ನೇ ಆರಿಸುತ್ತೇನೆ.

ಇನ್ನು ಎರಡನೇ ಬಳಕೆ, ಕ್ರಾಪ್. ಒಂದೇ ಕ್ಯಾಮೆರಾದಲ್ಲಿ ಇಡೀ ರಂಗಸ್ಥಳ ಹಿಡಿದಿದ್ದೀರಿ. ಎಚ್‌ಡಿ ಟೈಮ್‌ಲೈನಿನಲ್ಲಿ ಆ 4ಕೆ ಕ್ಲಿಪ್ಪನ್ನು ಶೇಕಡಾ 50ರ ಅಳತೆಯಲ್ಲಿಟ್ಟರೆ ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳ ಎಲ್ಲವೂ ಕಾಣುತ್ತದೆ. ಶೇಕಡಾ 100ಕ್ಕೆ ಏರಿಸಿದರೆ ಫ್ರೇಮಿನ ಕಾಲು ಭಾಗ ಪರದೆ ತುಂಬುತ್ತದೆ: ಭಾಗವತರು ತಾಳ ಹಿಡಿದು ಪದ ಎತ್ತಿಕೊಳ್ಳುವ ಗಳಿಗೆ, ಇಲ್ಲವೇ ಒಡ್ಡೋಲಗದಲ್ಲಿ ಕಿರೀಟ ಕಟ್ಟಿ ನಿಂತ ರಾಜವೇಷ. ಎರಡು ಕ್ಯಾಮೆರಾ ಇದ್ದಂತೆ ಕತ್ತರಿಸಬಹುದು. ಅರ್ಥಗಾರಿಕೆಯ ದೀರ್ಘ ಸಂವಾದಗಳಿಗೆ ಇದು ದೊಡ್ಡ ವರ. ಮಾತಾಡುವವರಿಂದ ಕೇಳುತ್ತಿರುವವರ ಮುಖಕ್ಕೆ ಒಂದು ಕಟ್ ಸಿಕ್ಕರೆ ಅರ್ಧ ಗಂಟೆಯ ವಾದವನ್ನೂ ಜನ ಎದ್ದು ಹೋಗದೆ ನೋಡುತ್ತಾರೆ. 100 ದಾಟಿದರೆ ಮಾತ್ರ ಇಲ್ಲದ ಪಿಕ್ಸೆಲ್ಲನ್ನು ಸಾಫ್ಟ್‌ವೇರ್ ಹುಟ್ಟಿಸಬೇಕಾಗುತ್ತದೆ. ಅಲ್ಲಿಗೆ ಹೋಗದಿರುವುದು ಒಳ್ಳೆಯದು.

ಆದರೆ 100ರಲ್ಲಿ ನಿಂತ ಕೂಡಲೇ ಮೇಲೆ ಹೇಳಿದ ಮೊದಲ ಲಾಭವೆಲ್ಲ ಹೋಯಿತು. ಬಣ್ಣ ಮತ್ತೆ ಅಂದಾಜಿನದ್ದು, ನಾಯ್ಸ್ ಮತ್ತೆ ಪೂರ್ತಿ. ವೈಡ್ ಶಾಟಿನಿಂದ ಈ ಶಾಟಿಗೆ ಕತ್ತರಿಸಿದಾಗ ಕತ್ತಲ ಭಾಗದಲ್ಲಿ ಥಟ್ಟನೆ ಮರಳು ಎರಚಿದಂತೆ ಕಾಣುವುದು ಇದರಿಂದಲೇ. ಕುಣಿತದ ವೇಗ ಇನ್ನೊಂದು ಕಷ್ಟ. ತೆಂಕುತಿಟ್ಟಾದರೆ ಧಿಗಿಣದ ಸುತ್ತು, ಬಡಗಾದರೆ ಮಂಡಿ ಕುಣಿತ. ಚಲನೆಯ ಮಸುಕು ಎರಡರಷ್ಟಾಗಿ ಹಿಗ್ಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಒತ್ತಿ ಬರೆದ ಫೈಲಾದರೆ ಅಂಥಲ್ಲಿ ಚೌಕಗಳು ಒಡೆದು ಕಾಣುತ್ತವೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸರಿಯಾಗಿಯೇ ಕಂಡಿದ್ದ ಫೋಕಸ್, ಒಂದಿಷ್ಟು ತಪ್ಪಿದ್ದರೂ ಇಲ್ಲಿ ಬಯಲಾಗುತ್ತದೆ. ಹತ್ತಿರ ಹೋಗಿ ಹಿಡಿದ ಕ್ಲೋಸಪ್‌ನಲ್ಲಿ ಹಿನ್ನೆಲೆ ಕರಗಿ ಮುಖ ಮುಂದೆ ಬರುತ್ತದೆ; ಕ್ರಾಪಿನಲ್ಲಿ ಹಿಂದೆ ಕುಳಿತ ಮದ್ದಳೆಯವರೂ ವೇಷಧಾರಿಯಷ್ಟೇ ಸ್ಪಷ್ಟ. ಆ ಮುಖವರ್ಣಿಕೆಯನ್ನು ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಕಲಾವಿದರಿಗೆ ನಿಜವಾದ ಒಂದು ಕ್ಲೋಸಪ್ ಸಲ್ಲಬೇಕು. ಸಾಧ್ಯವಾದರೆ ಎರಡನೇ ಕ್ಯಾಮೆರಾ ಇಡಿ, ಕ್ರಾಪನ್ನು ಅದರ ಬದಲಿ ಎಂದುಕೊಳ್ಳಬೇಡಿ.

ಕಟ್ ಮಾಡುವವರಿಗೆ ಇನ್ನೊಂದು ಮಾತು. 50ರಿಂದ 60ಕ್ಕೆ ಹೋಗುವ ಕ್ರಾಪ್ ಹೊಸ ಶಾಟಿನಂತೆ ಕಾಣುವುದಿಲ್ಲ, ಯಾರೋ ಟ್ರೈಪಾಡಿಗೆ ಕಾಲು ತಾಗಿಸಿದಂತೆ ಕಾಣುತ್ತದೆ. ಹೋಗುವುದಿದ್ದರೆ 80, 85ರ ಆಚೆಗೆ ಹೋಗಬೇಕು.

ಈ ಹೆಚ್ಚುವರಿ ಜಾಗವನ್ನು ಶಿಸ್ತಾಗಿ ಬಳಸಿದವರಲ್ಲಿ ನಿರ್ದೇಶಕ ಡೇವಿಡ್ ಫಿಂಚರ್ ಹೆಸರು ಮೊದಲು ಬರುತ್ತದೆ. ಅವರ ‘ಗಾನ್ ಗರ್ಲ್’ (2014) ರೆಡ್ ಕಂಪನಿಯ 6ಕೆ ಕ್ಯಾಮೆರಾದಲ್ಲಿ ಚಿತ್ರಿತವಾಯಿತು. ಛಾಯಾಗ್ರಾಹಕ ಜೆಫ್ ಕ್ರೊನೆನ್‌ವೆತ್, ಸಂಕಲನಕಾರ ಕರ್ಕ್ ಬ್ಯಾಕ್ಸ್‌ಟರ್. ಶೂಟಿಂಗ್ ವೇಳೆಯಲ್ಲೇ ಮಾನಿಟರಿನ ನಡುವೆ ಸಿನಿಮಾದ ಚೌಕಟ್ಟನ್ನು ಗುರುತು ಹಾಕಿ, ಸುತ್ತಲೂ ಅಂಚನ್ನು ಬೇಕೆಂದೇ ಬಿಟ್ಟಿದ್ದರು. ಆ ಅಂಚು ಕ್ಲೋಸಪ್ ಕದಿಯುವುದಕ್ಕಲ್ಲ. ಕ್ಯಾಮೆರಾ ಚಲನೆಯ ಸಣ್ಣ ಅಲುಗಾಟವನ್ನು ತೆಗೆದು ಸ್ಥಿರಗೊಳಿಸಲು, ತಲೆಯ ಮೇಲಿನ ಜಾಗವನ್ನು ಕೂದಲೆಳೆಯಷ್ಟು ಸರಿಪಡಿಸಲು, ಒಬ್ಬ ನಟನ ಒಂದು ಟೇಕನ್ನು ಇನ್ನೊಬ್ಬರ ಬೇರೆ ಟೇಕಿನೊಂದಿಗೆ ಒಂದೇ ಫ್ರೇಮಿನಲ್ಲಿ ಕಾಣದಂತೆ ಹೊಲಿಯಲು. ಎಲ್ಲಿ ಕತ್ತರಿಸುತ್ತೇವೆ ಎಂಬುದು ಶೂಟಿಂಗ್ ದಿನವೇ ಗೊತ್ತಿತ್ತು. ಆಮೇಲೆ ನೋಡಿಕೊಂಡರಾಯಿತು ಎಂದು ಎಲ್ಲವನ್ನೂ ಅಗಲಕ್ಕೆ ಹಿಡಿದಿಡುವುದಕ್ಕೂ ಇದಕ್ಕೂ ಅಜಗಜಾಂತರ. ಫ್ರೇಮ್ ಕಟ್ಟುವ ಕೆಲಸ ಕ್ಯಾಮೆರಾದ ಹಿಂದೆಯೇ ಆಗಬೇಕು.

ರೀಲ್ಸ್‌ಗಳ ಕಾಲದಲ್ಲಿ ಇದಕ್ಕೆ ಇನ್ನೊಂದು ಉಪಯೋಗ ಹುಟ್ಟಿಕೊಂಡಿದೆ. ಎಚ್‌ಡಿ ಫ್ರೇಮಿನಿಂದ ಪೂರ್ತಿ ಎತ್ತರದ ಉದ್ದ ಪಟ್ಟಿ ಕತ್ತರಿಸಿದರೆ ಸಿಗುವುದು ಸುಮಾರು 607×1080. ಫೋನಿನ 1080×1920ಕ್ಕೆ ಅದು ಏನೂ ಸಾಲದು. 4ಕೆಯಿಂದ ಕತ್ತರಿಸಿದರೆ 1215×2160, ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ.

ಎಡಿಟಿಂಗ್ ಟೇಬಲ್ಲಿಗೆ ಬಂದರೆ ಮೊದಲ ಅಡ್ಡಿ ಕಂಪ್ಯೂಟರ್ ತಿಣುಕಾಡುವುದು. ಕಾಲಮಿತಿಯ ಆಟ ಐದು ಗಂಟೆ ಎಂದಿಟ್ಟುಕೊಳ್ಳಿ. 100 ಮೆಗಾಬಿಟ್ ವೇಗದಲ್ಲಿ ಗಂಟೆಗೆ 45 ಜಿಬಿ, ಒಟ್ಟು 225 ಜಿಬಿ. ಗಾತ್ರಕ್ಕಿಂತ ದೊಡ್ಡ ತೊಂದರೆ ಫೈಲಿನ ಬಗೆಯದ್ದು. ಕ್ಯಾಮೆರಾಗಳ ಎಚ್.264, ಎಚ್.265 ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ನಡುವಿನವುಗಳಲ್ಲಿ ಹಿಂದುಮುಂದಿನ ಫ್ರೇಮಿಗಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಒಂದು ಫ್ರೇಮ್ ತೋರಿಸಲು ಕಂಪ್ಯೂಟರ್ ಅದರ ಹಿಂದಿನ ಹಲವನ್ನು ಬಿಡಿಸಬೇಕು. ಇದಕ್ಕೆ ಪ್ರಾಕ್ಸಿಯೇ ಪರಿಹಾರ. ಪ್ರತಿ ಕ್ಲಿಪ್ಪಿಗೂ ಚಿಕ್ಕದೊಂದು ನಕಲು ಮಾಡಿಕೊಂಡು ಅದರಲ್ಲಿ ಎಡಿಟ್ ಮಾಡುವುದು, ಎಕ್ಸ್‌ಪೋರ್ಟ್ ಸಮಯದಲ್ಲಿ ಮೂಲಕ್ಕೆ ಮರಳುವುದು. ಆಪಲ್‌ನ ಪ್ರೊರೆಸ್ 422 ಪ್ರಾಕ್ಸಿ ಎಚ್‌ಡಿ ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕಕ್ಕೆ, ಗಂಟೆಗೆ ಸುಮಾರು 17 ಜಿಬಿ ಮಾತ್ರ. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಟೈಮ್‌ಲೈನ್ ಸಲೀಸಾಗಿ ಸರಿಯುತ್ತದೆ. ಫೋಕಸ್ ಮತ್ತು ನಾಯ್ಸ್ ಪರೀಕ್ಷಿಸುವಾಗ ಮಾತ್ರ ಪ್ರಾಕ್ಸಿ ಆಫ್ ಮಾಡಿ ಮೂಲವನ್ನೇ ನೋಡಬೇಕು.

ಎಷ್ಟೋ ಜನರ 4ಕೆ ಕಳೆದುಹೋಗುವ ಜಾಗ ಇನ್ನೊಂದು. ಅಡೋಬಿ ಪ್ರೀಮಿಯರ್‌ನಲ್ಲಿ ವರ್ಷಗಟ್ಟಲೆ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲೇ ಇದ್ದವು: ‘ಸ್ಕೇಲ್ ಟು ಫ್ರೇಮ್ ಸೈಜ್’ ಮತ್ತು ‘ಸೆಟ್ ಟು ಫ್ರೇಮ್ ಸೈಜ್’. ಒತ್ತಿದ ಕೂಡಲೇ ಎರಡರ ಫಲವೂ ಒಂದೇ, ಚಿತ್ರ ಎಚ್‌ಡಿ ಫ್ರೇಮಿನಲ್ಲಿ ಕೂರುತ್ತದೆ. ಆದರೆ ಎರಡನೆಯದರಲ್ಲಿ ಸ್ಕೇಲ್ 50 ಎಂದು ಕಾಣುತ್ತದೆ, ಅಂದರೆ ಮೂಲ ಪಿಕ್ಸೆಲ್‌ಗಳು ಕೈಯಲ್ಲೇ ಇವೆ. ಮೊದಲನೆಯದರಲ್ಲಿ 100 ಎಂದು ಕಾಣುತ್ತದೆ. ಕ್ಲಿಪ್ ಆಗಲೇ ಎಚ್‌ಡಿಗೆ ಕುಗ್ಗಿದೆ. ಆಮೇಲೆ 200ಕ್ಕೆ ಹಿಗ್ಗಿಸಿದರೆ ಹಿಗ್ಗುವುದು ಆ ಕುಗ್ಗಿದ ಚಿತ್ರ. ನೆಸ್ಟ್ ಮಾಡುವಾಗಲೂ, ಅಂದರೆ ಕ್ಲಿಪ್ಪನ್ನು ಇನ್ನೊಂದು ಸೀಕ್ವೆನ್ಸಿನೊಳಗೆ ಸುತ್ತಿಡುವಾಗಲೂ, ಹೀಗೆ. ಅಲುಗಾಟ ತೆಗೆಯುವ ವಾರ್ಪ್ ಸ್ಟೆಬಿಲೈಜರ್, ಕ್ಲಿಪ್ ಮತ್ತು ಸೀಕ್ವೆನ್ಸ್ ಅಳತೆ ಒಂದೇ ಇರಬೇಕೆಂದು ಹಟ ಹಿಡಿಯುತ್ತದೆ. ಅದಕ್ಕಾಗಿ ಅವಸರದಲ್ಲಿ ಎಚ್‌ಡಿ ಸೀಕ್ವೆನ್ಸಿನೊಳಗೇ ನೆಸ್ಟ್ ಮಾಡಿದರೆ 4ಕೆ ಅಲ್ಲಿಗೆ ಮುಗಿಯಿತು. 4ಕೆ ಅಳತೆಯ ಸೀಕ್ವೆನ್ಸಿನಲ್ಲಿ ಸ್ಥಿರಗೊಳಿಸಿ, ಅದನ್ನು ಎಚ್‌ಡಿಗೆ ತರಬೇಕು. ಡಾವಿಂಚಿ ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಎಚ್‌ಡಿ ಇದ್ದರೂ ಜೂಮ್ ಮಾಡಿದಾಗ ಮೂಲದ ಪಿಕ್ಸೆಲ್‌ಗಳೇ ಬರುತ್ತವೆ, ಹೊಸಬರಿಗೆ ಅದು ಸುರಕ್ಷಿತ. ಯಾವ ಸಾಫ್ಟ್‌ವೇರ್ ಆದರೂ ಕುಗ್ಗಿಸುವ ಕೆಲಸ ಒಂದೇ ಸಲ, ಆದಷ್ಟು ಕೊನೆಗೆ ನಡೆಯಲಿ.

ಶಾರ್ಪನಿಂಗ್ ಬೇಕಿದ್ದರೆ ಕುಗ್ಗಿಸಿದ ಮೇಲೆ. ಅಕ್ಷರಗಳನ್ನೂ ಕೊನೆಯ ಅಳತೆಯಲ್ಲೇ ಕೂರಿಸಬೇಕು. ಕನ್ನಡಕ್ಕಂತೂ ಇದು ತೀರಾ ಮುಖ್ಯ. 4ಕೆ ಟೈಮ್‌ಲೈನಿನಲ್ಲಿ ಅಂದವಾಗಿ ಕಂಡ ತೆಳು ಫಾಂಟಿನ ‘ಲಕ್ಷ್ಮಣ’, ಎಚ್‌ಡಿಗೆ ಇಳಿದು ಫೋನಿಗೆ ಬಂದಾಗ ಒತ್ತಕ್ಷರಗಳೆಲ್ಲ ಒಂದರಲ್ಲೊಂದು ಕಲಸಿ ಕೆಳಗೊಂದು ಮಸಿಯ ಚುಕ್ಕೆಯಾಗಿ ಉಳಿಯುತ್ತದೆ. ಪಾತ್ರಧಾರಿಗಳ ಹೆಸರು ಓದಲು ಬಾರದಂತೆ ಹಾಕುವುದು ಅವರಿಗೆ ಮಾಡುವ ಅವಮಾನ. ದಪ್ಪ ಫಾಂಟ್ ತೆಗೆದುಕೊಳ್ಳಿ, ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ, ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಒಂದು ಸಾದಾ ಫೋನಿನಲ್ಲಿ ಓದಿ ನೋಡಿ.

ಎಲ್ಲ ಸಂದರ್ಭದಲ್ಲೂ ಎಚ್‌ಡಿಗೇ ಇಳಿಸಬೇಕೆಂದೇನೂ ಇಲ್ಲ. ಯೂಟ್ಯೂಬ್ ಪ್ರತಿ ವಿಡಿಯೊವನ್ನೂ ತಾನೇ ಮತ್ತೆ ಒತ್ತುತ್ತದೆ, 4ಕೆ ಅಪ್‌ಲೋಡಿಗೆ ಹೆಚ್ಚು ಡೇಟಾ ಕೊಡುತ್ತದೆ. ಕ್ರಾಪ್ ಕಡಿಮೆಯಿದ್ದು ಇಂಟರ್ನೆಟ್ ಕೈಕೊಡದಿದ್ದರೆ ಅಲ್ಲಿಗೆ 4ಕೆಯನ್ನೇ ಏರಿಸುವುದು ಲೇಸು. ಪೆನ್‌ಡ್ರೈವಿಗೆ, ಸ್ಥಳೀಯ ಕೇಬಲ್ ಚಾನೆಲ್ಲಿಗೆ, ಹಳೆಯ ಟಿವಿಗೆ ಎಚ್‌ಡಿ ಸಾಕು.

ಕೊನೆಗೆ, ಮೂಲ ಫೈಲುಗಳನ್ನು ಉಳಿಸುವ ಮಾತು. ಯಕ್ಷಗಾನ ಕಲಾವಿದ ಪದ್ಮಶ್ರೀ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡದ್ದು 2017ರಲ್ಲಿ. ಅವರ ಪೀಳಿಗೆಯ ಕಲಾವಿದರ ಹಳೆಯ ಆಟವೆಂದು ಇಂದು ನೋಡಲು ಸಿಗುವುದರಲ್ಲಿ ಬಹಳಷ್ಟು, ವಿಎಚ್‌ಎಸ್ ಟೇಪಿನಿಂದ ಎತ್ತಿಕೊಂಡ ಮಸುಕು ಚಿತ್ರ. ಆ ಟೇಪಿನಲ್ಲಿ ಅಡ್ಡಕ್ಕೆ ಹಿಡಿಸುತ್ತಿದ್ದ ವಿವರ ಸುಮಾರು 240 ಗೆರೆಗಳಷ್ಟೇ. ಯಾವ ಸಾಫ್ಟ್‌ವೇರೂ ಆ ಕಲಾವಿದರ ಕಣ್ಣಿನ ಚಲನೆಯನ್ನು ಅಲ್ಲಿಂದ ಎತ್ತಿಕೊಡಲಾರದು. ಇಂದಿನ ಮೇಳಗಳ ವಿಷಯದಲ್ಲಿ ಹಾಗಾಗಬೇಕಿಲ್ಲ. ಎಚ್‌ಡಿ ಫೈಲನ್ನು ಕೊಟ್ಟಾದ ಮೇಲೆ ಜಾಗ ಸಾಲದೆಂದು 4ಕೆ ಮೂಲವನ್ನು ಅಳಿಸುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಆ 225 ಜಿಬಿಯನ್ನು ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಪ್ರಸಂಗದ ಹೆಸರು, ತಾರೀಕು, ಪಾತ್ರವರ್ಗ ಬರೆದಿಡಿ. ಒಂದು ಡಿಸ್ಕ್ ನಿಮ್ಮ ಹತ್ತಿರವಿರಲಿ, ಇನ್ನೊಂದನ್ನು ಮೇಳದವರ ಕೈಗೆ ಕೊಡಿ.